ಉಪ್ಪು ತಿಂದ ಕಾರುಗಳ ಊರು

ಆಗಸ್ಟ್ ತಿಂಗಳ ಮೂರನೆಯ ಶನಿವಾರ ಅಮೆರಿಕದ ಡೆಟ್ರಾಯಿಟ್ ಸೀಮೆಯ ವುಡ್‌ವರ್ಡ್ ಅವೆನ್ಯೂ ಎಂಬ ಹೆದ್ದಾರಿಯಲ್ಲಿ ಕಾರುಗಳ ಜಾತ್ರೆಯೇ ನೆರೆಯುತ್ತದೆ. ಐವತ್ತು, ಅರವತ್ತು ವರ್ಷ ಹಳೆಯ ಕಾರುಗಳು ಮದುವೆಗೆ ಹೊರಟಂತೆ ಸಿಂಗರಿಸಿಕೊಂಡು ಸಾಲುಸಾಲಾಗಿ ಸಾಗುತ್ತವೆ. ಮುಖ ನೋಡಿಕೊಳ್ಳುವಷ್ಟು ಹೊಳಪು ಅವುಗಳ ಮೈಮೇಲೆ. 1995ರಲ್ಲಿ ಶುರುವಾದ ಈ ‘ಡ್ರೀಮ್ ಕ್ರೂಸ್’ ನೋಡಲು ರಸ್ತೆಯ ಎರಡೂ ಬದಿ ಜನ ಕುರ್ಚಿ ಹಾಕಿಕೊಂಡು ಕೂರುತ್ತಾರೆ.

ಅದೇ ರಸ್ತೆಗೆ ಜನವರಿಯಲ್ಲಿ ಹೋದರೆ ಆ ಸುಂದರಾಂಗರು ಹುಡುಕಿದರೂ ಸಿಗುವುದು ಕಷ್ಟ. ಅವರೆಲ್ಲ ಮುಸುಕು ಹೊದ್ದು ಗ್ಯಾರೇಜು ಸೇರಿರುತ್ತಾರೆ. ರಸ್ತೆಯಲ್ಲಿ ಓಡಾಡುವ ಉಳಿದ ಕಾರುಗಳು ಕೆಂಪೋ ನೀಲಿಯೋ ಗೊತ್ತಾಗದಂತೆ ಬಿಳಿಚಿಕೊಂಡಿರುತ್ತವೆ. ಮೈಗೆ ಅಂಟಿದ್ದು ಹಿಮವಲ್ಲ, ಉಪ್ಪು!

ಮಿಷಿಗನ್ ರಾಜ್ಯದ ಈ ನಗರದಲ್ಲಿ ನವೆಂಬರಿನಿಂದ ಮಾರ್ಚಿಯವರೆಗೆ ಹಿಮದ ಕಾಟ. ಹಿಮ ಗಟ್ಟಿಯಾಗಿ ರಸ್ತೆ ಗಾಜಿನಂತಾದರೆ ಬ್ರೇಕು ಒತ್ತಿದರೂ ಗಾಡಿ ನಿಲ್ಲದು. ಆದ್ದರಿಂದ ಲಾರಿಗಳು ಹಗಲು ರಾತ್ರಿ ರಸ್ತೆಗೆ ಕಲ್ಲುಪ್ಪು ಚೆಲ್ಲುತ್ತಾ ಹೋಗುತ್ತವೆ. ಬರಿಯ ನೀರು ಸೊನ್ನೆ ಡಿಗ್ರಿಗೆ ಹೆಪ್ಪುಗಟ್ಟಿದರೆ, ಉಪ್ಪು ನೀರು ಅದಕ್ಕಿಂತ ಎಷ್ಟೋ ಕೆಳಗಿನ ಉಷ್ಣತೆಯಲ್ಲೂ ನೀರಾಗಿಯೇ ಉಳಿಯುತ್ತದೆ. ಶಾಲೆಯ ಪ್ರಯೋಗಾಲಯದಲ್ಲಿ ಕಲಿತ ಈ ಸಣ್ಣ ಪಾಠ ಅಲ್ಲಿ ಪ್ರತಿ ಚಳಿಗಾಲದಲ್ಲೂ ಎಷ್ಟೋ ಜೀವ ಉಳಿಸುತ್ತದೆ.

ವಿಚಿತ್ರವೆಂದರೆ, ಆ ಉಪ್ಪು ಬರುವುದೂ ಅದೇ ಊರಿನ ನೆಲದಡಿಯಿಂದ. ಕೋಟ್ಯಂತರ ವರ್ಷಗಳ ಹಿಂದೆ ಅಲ್ಲಿದ್ದ ಸಮುದ್ರ ಒಣಗಿ ಬಿಟ್ಟುಹೋದ ಉಪ್ಪಿನ ಪದರ ನಗರದ ಕೆಳಗೆ ಸುಮಾರು 350 ಮೀಟರ್ ಆಳದಲ್ಲಿದೆ. ಮೇಲೆ ಮನೆ, ಮಳಿಗೆ, ಕಾರ್ಖಾನೆ. ಕೆಳಗೆ ಉಪ್ಪಿನ ಗೋಡೆಗಳ ನಡುವೆ ಮೈಲಿಗಟ್ಟಲೆ ರಸ್ತೆ. ಗಣಿಯ ಬಾವಿ ಇಕ್ಕಟ್ಟಾದ್ದರಿಂದ ದೊಡ್ಡ ಯಂತ್ರಗಳನ್ನೂ ಲಾರಿಗಳನ್ನೂ ಬಿಡಿಬಿಡಿಯಾಗಿ ಕೆಳಗಿಳಿಸಿ ಅಲ್ಲಿಯೇ ಜೋಡಿಸಬೇಕು. ಗಣಿಯ ಮೊದಲ ಬಾವಿ ಸಿದ್ಧವಾದದ್ದು 1910ರಲ್ಲಿ. ಹೆನ್ರಿ ಫೋರ್ಡ್ ತನ್ನ ಹೈಲ್ಯಾಂಡ್ ಪಾರ್ಕ್ ಕಾರ್ಖಾನೆ ತೆರೆದದ್ದೂ ಅದೇ ವರ್ಷ. ಜಗತ್ತಿಗೆ ಕಾರು ಕೊಟ್ಟ ಊರೇ ಕಾರನ್ನು ತಿನ್ನುವ ಉಪ್ಪನ್ನೂ ಹೊಟ್ಟೆಯಲ್ಲಿಟ್ಟುಕೊಂಡಿತ್ತು!

ಉಪ್ಪು ಕಾರನ್ನು ತಿನ್ನುವುದು ಹೇಗೆ? ಕಬ್ಬಿಣಕ್ಕೆ ನೀರು ಮತ್ತು ಆಮ್ಲಜನಕ ಸೇರಿದರೆ ತುಕ್ಕು. ಈ ಕ್ರಿಯೆಯಲ್ಲಿ ಸೂಕ್ಷ್ಮ ವಿದ್ಯುತ್ ಹರಿಯುತ್ತದೆ. ಉಪ್ಪು ನೀರು ವಿದ್ಯುತ್ತನ್ನು ಚೆನ್ನಾಗಿ ಹರಿಯಗೊಡುವುದರಿಂದ ತುಕ್ಕು ಹಿಡಿಯುವ ವೇಗವೂ ಹೆಚ್ಚು. ಕಾರವಾರ, ಮಲ್ಪೆಯ ಕಡಲತಡಿಯಲ್ಲಿ ಸೈಕಲ್ ಇಟ್ಟವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾರಿನ ಬಣ್ಣ ಬರಿಯ ಅಲಂಕಾರವಲ್ಲ, ಅದು ಚರ್ಮವಿದ್ದಂತೆ. ಇಡೀ ಕಾರಿನ ಮೈಯನ್ನು ತೊಟ್ಟಿಯಲ್ಲಿ ಮುಳುಗಿಸಿ, ವಿದ್ಯುತ್ ಹಾಯಿಸಿ, ಮೂಲೆಮೂಲೆಗೂ ಮೊದಲ ಬಣ್ಣ ಹಿಡಿಸುವ ವಿಧಾನವನ್ನು 1960ರ ದಶಕದಲ್ಲಿ ಫೋರ್ಡ್ ಕಂಪನಿ ಬಳಕೆಗೆ ತಂದಿತು. ಆಮೇಲೆ ಸತು ಲೇಪಿಸಿದ ತಗಡೂ ಬಂತು. ಆದರೂ ರಸ್ತೆಯ ಕಲ್ಲು ಸಿಡಿದು ಸಾಸಿವೆಯಷ್ಟು ಬಣ್ಣ ಹಾರಿದರೆ ಸಾಕು, ಉಪ್ಪಿಗೆ ಅಷ್ಟೇ ಬಾಗಿಲು.

ಮಿಷಿಗನ್ನಿನ ವಿಶ್ವವಿದ್ಯಾಲಯಗಳಿಗೆ ಓದಲು ಹೋಗುವ ಕನ್ನಡದ ಹುಡುಗ ಹುಡುಗಿಯರು ಪ್ರತಿ ವರ್ಷವೂ ಇರುತ್ತಾರೆ. ಡೆಟ್ರಾಯಿಟ್ ಸುತ್ತಮುತ್ತ ಬಸ್ಸಿನ ಅನುಕೂಲ ಕಡಿಮೆ. ಸಾಲ ಮಾಡಿ ಬಂದವರು ಹತ್ತು ಹದಿನೈದು ವರ್ಷ ಹಳೆಯ ಕಾರು ಕೊಳ್ಳುವುದೇ ಹೆಚ್ಚು. ಊರಿನಿಂದ ಫೋನಿನಲ್ಲಿ ಅಮ್ಮ ಕೇಳುವ ಪ್ರಶ್ನೆ: “ಯಾವ ಬಣ್ಣ ಮಗಾ?” ಅಪ್ಪನ ಪ್ರಶ್ನೆ: “ಎಷ್ಟು ಕೊಟ್ಟೆ?” ಕೇಳಬೇಕಾದ ಮೂರನೆಯ ಪ್ರಶ್ನೆ ಬೇರೆಯೇ ಇದೆ: “ಕಾರಿನ ಹೊಟ್ಟೆ ನೋಡಿದೆಯಾ?”

ಏಕೆಂದರೆ ಮೇಲ್ಮೈ ಎಷ್ಟೇ ಥಳಥಳಿಸಿದರೂ ಬ್ರೇಕಿನ ದ್ರವ ಹರಿಯುವ ಸಣ್ಣ ಉಕ್ಕಿನ ಕೊಳವೆಗಳು ಇರುವುದು ಅಡಿಯಲ್ಲಿ. ಅವು ತುಕ್ಕು ತಿಂದು ಒಡೆದರೆ ಬ್ರೇಕು ಕೈಕೊಡುತ್ತದೆ. ಹಳೆಯ ವಾಹನಗಳಲ್ಲಿ ಹೀಗಾಗುತ್ತಿರುವುದನ್ನು ಅಮೆರಿಕದ ಹೆದ್ದಾರಿ ಸುರಕ್ಷತಾ ಇಲಾಖೆ ವಿಚಾರಣೆ ಮಾಡಿ, 2015ರಲ್ಲಿ ಉಪ್ಪು ಸುರಿಯುವ ರಾಜ್ಯಗಳ ಜನರಿಗೆ ಎಚ್ಚರಿಕೆ ಕೊಟ್ಟಿತು: ಕಾರಿನ ಅಡಿಭಾಗ ತೊಳೆಯಿರಿ, ಬ್ರೇಕಿನ ಕೊಳವೆ ತೋರಿಸಿ. ಮಿಷಿಗನ್ನಿನಲ್ಲಿ ಕಾರನ್ನು ಕಾಲಕಾಲಕ್ಕೆ ಕಡ್ಡಾಯವಾಗಿ ಪರೀಕ್ಷೆಗೆ ಒಡ್ಡುವ ಕಾನೂನು ಇಲ್ಲ. ಆದ್ದರಿಂದ ಕೊಳ್ಳುವವರೇ ಮೆಕ್ಯಾನಿಕ್ಕನಿಗೆ ಹೇಳಿ ಕಾರನ್ನು ಎತ್ತಿಸಿ ನೋಡಬೇಕು.

ಅಲ್ಲಿ ನೆಲೆನಿಂತವರಿಗೆ ಅಕ್ಟೋಬರ್ ಬಂತೆಂದರೆ ನಮ್ಮ ಮಲೆನಾಡಿನ ಮಳೆಗಾಲದ ಸಿದ್ಧತೆಯಂಥದೇ ಗಡಿಬಿಡಿ. ಮೊದಲು ಕಾರನ್ನು ಒಳಗೂ ಹೊರಗೂ ತೊಳೆದು ಪೂರ್ತಿ ಒಣಗಿಸುತ್ತಾರೆ. ಬಣ್ಣ ಹಾರಿದ ಕಡೆ ಅದೇ ಬಣ್ಣ ತುಂಬುತ್ತಾರೆ. ಬಳಿಕ ಮೈಗೆಲ್ಲ ವ್ಯಾಕ್ಸ್ ಹಚ್ಚಿ ಉಜ್ಜುತ್ತಾರೆ. ಅಡಿಭಾಗಕ್ಕೆ ಎಣ್ಣೆಯಂಥ ತುಕ್ಕುನಿರೋಧಕ ಸಿಂಪಡಿಸುವುದೂ ಆಗಲೇ. ಮೊದಲ ಉಪ್ಪು ಬೀಳುವ ಮುನ್ನವೇ ಇದಾಗಬೇಕು; ಉಪ್ಪು ಅಂಟಿದ ಮೇಲೆ ಎಣ್ಣೆ ಬಳಿದರೆ ಕಳ್ಳನನ್ನು ಒಳಗಿಟ್ಟು ಬಾಗಿಲು ಹಾಕಿದಂತೆ. ಬಾಗಿಲುಗಳ ಕೆಳಗೆ ನೀರು ಇಳಿಯಲು ಬಿಟ್ಟಿರುವ ಸಣ್ಣ ತೂತುಗಳು ಎಲೆ ಕಸದಿಂದ ಮುಚ್ಚಿರದಂತೆಯೂ ನೋಡಿಕೊಳ್ಳುತ್ತಾರೆ.

ಎಂಜಿನ್ನಿಗೂ ಆರೈಕೆ ಬೇಕು. ರೇಡಿಯೇಟರಿನಲ್ಲಿ ಬರಿಯ ನೀರಿದ್ದರೆ ಅದು ಹೆಪ್ಪುಗಟ್ಟಿ, ಹಿಗ್ಗಿ, ಎಂಜಿನ್ನನ್ನೇ ಸೀಳಬಲ್ಲದು. ಕೂಲೆಂಟ್ ಮತ್ತು ನೀರು ಅರ್ಧಕ್ಕರ್ಧ ಇದ್ದರೆ ಮೈನಸ್ 35 ಡಿಗ್ರಿಯ ಚಳಿಗೂ ಅಂಜಬೇಕಿಲ್ಲ. ಚಳಿಯಲ್ಲಿ ಬ್ಯಾಟರಿಯ ಬಲ ಕುಗ್ಗುತ್ತದೆ, ಅದೇ ಹೊತ್ತಿಗೆ ಆಯಿಲ್ ಮಂದವಾಗಿ ಎಂಜಿನ್ ತಿರುಗಿಸಲು ಹೆಚ್ಚು ಬಲ ಬೇಕಾಗುತ್ತದೆ. ಆದ್ದರಿಂದ ಹಳೆಯ ಬ್ಯಾಟರಿಯನ್ನು ಮೊದಲೇ ಪರೀಕ್ಷೆ ಮಾಡಿಸುವುದು ಜಾಣತನ. ಬಾಗಿಲಿನ ರಬ್ಬರಿಗೆ ಸಿಲಿಕೋನ್ ಸವರಿದರೆ ಬೆಳಿಗ್ಗೆ ಬಾಗಿಲು ಹೆಪ್ಪುಗಟ್ಟಿ ಅಂಟಿಕೊಳ್ಳದು. ಚಳಿಗೆ ಟೈರಿನ ಗಾಳಿಯೂ ಇಳಿಯುತ್ತದೆ; ಆಗಾಗ ನೋಡುತ್ತಿರಬೇಕು. ಗಾಜಿನ ಮೇಲಿನ ಹಿಮ ಕರಗಿಸಲು ಬಿಸಿನೀರು ಸುರಿಯುವುದು ಹೊಸಬರು ಮಾಡುವ ತಪ್ಪು. ಗಾಜು ಸಿಡಿದೀತು!

ಇಷ್ಟೆಲ್ಲ ಮಾಡಿದ ಮೇಲೂ ಒಂದು ಕೆಲಸ ಉಳಿಯುತ್ತದೆ. ಉಪ್ಪು ತಿಂದವನು ನೀರು ಕುಡಿಯಲೇಬೇಕು ಎನ್ನುವ ನಮ್ಮ ಗಾದೆ ಅಲ್ಲಿನ ಕಾರಿಗೂ ಸಲ್ಲುತ್ತದೆ. ಹತ್ತು ಹದಿನೈದು ದಿನಕ್ಕೊಮ್ಮೆ, ಉಷ್ಣತೆ ಸೊನ್ನೆಗಿಂತ ಮೇಲಿರುವ ದಿನ ನೋಡಿ, ಅಡಿಯಿಂದ ನೀರು ಚಿಮ್ಮಿಸುವ ಕಾರ್ ವಾಷ್‌ನಲ್ಲಿ ತೊಳೆಸಬೇಕು. ಉಪ್ಪು ಮೆತ್ತಿದ ಕಾರನ್ನು ಬೆಚ್ಚಗಿನ ಗ್ಯಾರೇಜಿನಲ್ಲಿ ನಿಲ್ಲಿಸಿದರೆ ಸುಖವಲ್ಲ. ಹಿಮ ಕರಗಿ, ಉಪ್ಪು ನೀರಾಗಿ, ತುಕ್ಕಿನ ಕೆಲಸ ಇನ್ನಷ್ಟು ಚುರುಕಾಗುತ್ತದೆ.

ಹಾಗಾದರೆ ತೊಳೆದ ಉಪ್ಪು ಹೋಗುವುದೆಲ್ಲಿಗೆ? ಹಳ್ಳಕ್ಕೆ, ನದಿಗೆ, ಸರೋವರಕ್ಕೆ. ಡೆಟ್ರಾಯಿಟಿನಿಂದ ಸುಮಾರು 110 ಕಿ.ಮೀ. ದೂರದ ಫ್ಲಿಂಟ್ ನಗರ 2014ರ ಏಪ್ರಿಲಿನಲ್ಲಿ ಹಣ ಉಳಿಸಲು ಫ್ಲಿಂಟ್ ನದಿಯ ನೀರು ಬಳಸತೊಡಗಿತು. ಆ ನೀರಿನಲ್ಲಿ ಕ್ಲೋರೈಡ್ ಹೆಚ್ಚು. ರಸ್ತೆಗಳಿಂದ ಹರಿದು ಬರುವ ಉಪ್ಪೂ ಅದರ ಒಂದು ಮೂಲ. ಅದೇ ವರ್ಷದ ಅಕ್ಟೋಬರಿನಲ್ಲಿ ಜನರಲ್ ಮೋಟಾರ್ಸ್ ಕಂಪನಿಯು ಈ ನೀರಿನಿಂದ ಎಂಜಿನ್ ಭಾಗಗಳು ಸವೆಯುತ್ತಿವೆ ಎಂದು ತನ್ನ ಕಾರ್ಖಾನೆಗೆ ಅದನ್ನು ನಿಲ್ಲಿಸಿಬಿಟ್ಟಿತು. ಊರಿನ ಜನ ಮಾತ್ರ ಇನ್ನೂ ಒಂದು ವರ್ಷ ಅದನ್ನೇ ಕುಡಿದರು. ಕೊಳವೆಯ ಸವೆತ ತಡೆಯುವ ರಾಸಾಯನಿಕವನ್ನು ನೀರಿಗೆ ಬೆರೆಸಿರಲಿಲ್ಲ. ಹಳೆಯ ಕೊಳವೆಗಳ ಸೀಸ ಕರಗಿ ಮಕ್ಕಳ ರಕ್ತ ಸೇರಿತು. ಕಬ್ಬಿಣದ ದೂರು ಬೇಗ ಕೇಳಿಸಿತು, ತಾಯಂದಿರ ದೂರು ತಡವಾಗಿ.

ಹಿಮ ಬೀಳುವ ಮುನ್ನವೇ ರಸ್ತೆಗೆ ಉಪ್ಪು ನೀರು ಸಿಂಪಡಿಸಿದರೆ ಕಡಿಮೆ ಉಪ್ಪಿನಲ್ಲೇ ಕೆಲಸವಾಗುತ್ತದೆ ಎಂಬುದನ್ನು ಆ ನಾಡಿನ ಹಲವು ಊರುಗಳು ಈಗ ಕಂಡುಕೊಂಡಿವೆ. ಕಾರಿಗೆ ಹೇಳಿದ ಬುದ್ಧಿಮಾತೇ ರಸ್ತೆಗೂ: ಆಮೇಲೆ ಪರದಾಡುವುದಕ್ಕಿಂತ ಮೊದಲೇ ಸಿದ್ಧವಾಗುವುದು ಲೇಸು.

ಬರುವ ಆಗಸ್ಟಿನಲ್ಲಿ ವುಡ್‌ವರ್ಡ್ ಅವೆನ್ಯೂ ಮತ್ತೆ ಮಿಂಚುತ್ತದೆ. ಆ ಸಾಲಿನಲ್ಲಿ ನಿಂತು ಬೆರಗಾಗುವ ವಿದ್ಯಾರ್ಥಿ ಕಾರಿನ ಒಡೆಯನನ್ನು ಗುಟ್ಟೇನು ಎಂದು ಕೇಳಿದರೆ, ಆತ ಕಾರಿನ ಹೊಳೆಯುವ ಮೈಯನ್ನು ತೋರಿಸಬೇಕಿಲ್ಲ, ಬಗ್ಗಿ ಅದರ ಅಡಿಯನ್ನು ತೋರಿಸಿದರೆ ಸಾಕು.