ಅಕ್ಷರ ಎಲ್ಲಾ ಅದಾವಲ್ಲ, ತಗೋರಿ

ನಮ್ಮಜ್ಜಿಯ ಹೆಸರಿನಲ್ಲಿ ಒಂದು ಅರ್ಕಾವತ್ತು ಇದೆ. ನಿಜವಾದ ಹೆಸರು ಬೇಡ, ಪಾರ್ವತಿ ಎಂದಿಟ್ಟುಕೊಳ್ಳಿ. ಪಿಂಚಣಿ ಪಟ್ಟಿಯಲ್ಲಿ ಅದು ‘ಪಾವರ್ತಿ’ ಆಗಿ ಬಂತು. ಪಾಸ್‌ಬುಕ್ಕಿನ ಹೆಸರಿಗೆ ಹೊಂದಲಿಲ್ಲ, ನಾಲ್ಕು ತಿಂಗಳು ರೊಕ್ಕ ನಿಂತಿತು. ಕಚೇರಿಗೆ ಹೋಗಿ ಕೇಳಿದರೆ, “ಅಕ್ಷರ ಎಲ್ಲಾ ಅದಾವಲ್ಲ, ತಗೋರಿ” ಅಂದರು.

ಅರ್ಕಾವತ್ತನ್ನು ನಾವು ಬರೆಯುವುದು ‘ವ’ ಆದಮೇಲೆ, ಓದುವುದು ಅದಕ್ಕಿಂತ ಮೊದಲು. ಕಣ್ಣು ಮುಂದೆ ಹೋಗಿ ಹಿಂದೆ ಬರಬೇಕು. (ಮೂರನೇ ಇಯತ್ತೆಯಲ್ಲಿ ಇದಕ್ಕೇ ನನ್ನ ಕಿವಿ ಹಿಂಡಿದ್ದರು.) ಹಳೆಯ ಫಾಂಟುಗಳು ಕಣ್ಣಿಗೆ ಕಂಡ ಕ್ರಮದಲ್ಲೇ ಇಟ್ಟುಕೊಳ್ಳುತ್ತಿದ್ದವು, ಯೂನಿಕೋಡ್ ಉಚ್ಚರಿಸುವ ಕ್ರಮದಲ್ಲಿ ಇಡುತ್ತದೆ. ಅದರಿಂದ ಇದಕ್ಕೆ ಬದಲಿಸುವ ತಂತ್ರಾಂಶ ಕಂಡದ್ದನ್ನು ಕಂಡಂತೆ ಸಾಲಾಗಿ ಒಯ್ದರೆ ಕರ್ನಾಟಕ ‘ಕನಾರ್ಟಕ’ ಆಗುತ್ತದೆ. ನೀವೂ ನೋಡಿರುತ್ತೀರಿ.

ಇದರ ಬೆನ್ನು ಹತ್ತಿದಾಗ ಆಟೊಮ್ಯಾಟಾ ಎಂಬ ವಿಷಯ ಸಿಕ್ಕಿತು. ಅವು ಗಣಿತದವರು ಕಾಗದದ ಮೇಲೆ ಕಟ್ಟಿದ ಯಂತ್ರಗಳು. ಒಂದೊಂದೇ ಅಕ್ಷರ ಓದಿ ಕೊನೆಗೆ ಹೌದು ಅಥವಾ ಅಲ್ಲ ಎನ್ನುತ್ತವೆ. ಯಂತ್ರ ಹೌದೆಂದ ಪದಗಳ ಗುಂಪೇ ಅದರ ‘ಭಾಷೆ’. ಇಂಥ ಸರಳ ಯಂತ್ರವನ್ನು ಸಾಲಿನ ಮೇಲೆ ಹಿಂದೆ ಮುಂದೆ ಓಡಾಡಲು ಬಿಟ್ಟರೂ ಅದರ ಶಕ್ತಿ ಹೆಚ್ಚುವುದಿಲ್ಲ ಎಂದು 1959ರಲ್ಲೇ ಮೈಕೆಲ್ ರಾಬಿನ್ ಮತ್ತು ಡಾನಾ ಸ್ಕಾಟ್ ತೋರಿಸಿದ್ದರು. ನಮ್ಮ ಅರ್ಕಾವತ್ತಿಗೂ ದೊಡ್ಡ ಬುದ್ಧಿ ಬೇಕಿರಲಿಲ್ಲ. ‘ವ’ವನ್ನು ತುಸು ಕೈಯಲ್ಲಿ ಹಿಡಿದು ಮುಂದಿನ ಗುರುತು ನೋಡಿದ್ದರೆ ಸಾಕಿತ್ತು.

2012ರಲ್ಲಿ ಝೆಕ್ ದೇಶದ ಅಲೆಕ್ಸಾಂಡರ್ ಮೆದುನಾ, ಪೆತ್ರ್ ಝೆಮೆಕ್ ಬೇರೊಂದು ಯಂತ್ರ ವಿವರಿಸಿದರು. ಇದು ಜಿಗಿಯುತ್ತದೆ. ಎಲ್ಲಿಯದೋ ಒಂದು ಅಕ್ಷರ ಓದಿ, ಅಳಿಸಿ, ಇನ್ನೆಲ್ಲಿಗೋ ಹಾರುತ್ತದೆ. ಎಷ್ಟೇ ಉದ್ದದ ಸಾಲಿನಲ್ಲೂ ಕ, ಗ, ಮ ಸಮನಾಗಿವೆಯೇ ಎಂದು ಹೇಳಬಲ್ಲದು: ಒಂದು ಕ, ಒಂದು ಗ, ಒಂದು ಮ ಆರಿಸಿ ಅಳಿಸುತ್ತ ಹೋಗಿ ಏನೂ ಉಳಿಯದಿದ್ದರೆ ಸಮ. ಸಾಲಾಗಿ ಓದುವ ಸರಳ ಯಂತ್ರಕ್ಕೆ ಇದು ಆಗದ ಕೆಲಸ. ಆದರೆ ಜಿಗಿಯುವ ಯಂತ್ರ ‘ಸರ’ ಒಪ್ಪಿದರೆ ‘ರಸ’ವನ್ನೂ ಒಪ್ಪಲೇಬೇಕು. ಕ್ರಮ ಅದಕ್ಕೆ ಕಾಣದು.

ಓದುತ್ತಿದ್ದಂತೆ ಕಚೇರಿಯವರ ಮಾತು ನೆನಪಾಗಿ ನಗು ಬಂತು, ಸಿಟ್ಟೂ ಬಂತು. ಅವರದು ಜಿಗಿಯುವ ಯಂತ್ರದ ತೀರ್ಪು, ಬ್ಯಾಂಕಿನದು ಸಾಲಾಗಿ ಓದುವ ಯಂತ್ರದ್ದು. ನಡುವೆ ನಿಂತವಳು ಅಜ್ಜಿ.

ಮೂರನೇ ಸಲ ಅರ್ಜಿ ಕೊಟ್ಟಾಗ ಕಂಪ್ಯೂಟರಿನ ಪಕ್ಕದಲ್ಲೇ ನಿಂತು ಟೈಪ್ ಮಾಡಿಸಿದೆ: ಪಾ, ರ್, ವ, ತಿ. ಓದು ಬಾರದ ಅಜ್ಜಿ ಪರದೆಯ ಮೇಲೆ ಬೆರಳಿಟ್ಟು, “ಈಗ ಇದು ನಾನ ಹೌದಲ್ಲೊ?” ಎಂದು ಕೇಳಿದಳು. ಮುಂದಿನ ತಿಂಗಳು ರೊಕ್ಕ ಜಮೆಯಾಯಿತು. ಹಿಂದಿನ ನಾಲ್ಕು ತಿಂಗಳದ್ದು ಇನ್ನೂ ಬಂದಿಲ್ಲ.