ಗೋಡೆಯ ಉಸಿರು

ಗೋಡೆಗೂ ಕಿವಿಯುಂಟೆಂಬುದನ್ನು ಎಲ್ಲರೂ ಬಲ್ಲರು. ಗೋಡೆಗೂ ಉಸಿರುಂಟೆಂಬುದನ್ನು ಬಲ್ಲವರು ವಿರಳ. ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವ ನಾನು ಅದನ್ನು ಕಲಿತದ್ದು ಈ ಬೇಸಿಗೆಯ ರಜೆಯಲ್ಲಿ, ಕರಣೆ ಹಿಡಿದ ಮೇಲೆ.

ನಮ್ಮದು ತಾತನ ಕಾಲದ ಮನೆ; ಇಟ್ಟಿಗೆಯ ಗೋಡೆ, ಸುಣ್ಣದ ಗಾರೆ. ನಡುಮನೆಯ ಗೋಡೆಯ ಬುಡ ಉದುರುತ್ತಿದ್ದಾಗ ಮೇಸ್ತ್ರಿಯೊಬ್ಬರು ಬಂದು ಸಿಮೆಂಟು ಮೆತ್ತಿ ಹೋಗಿದ್ದರು. ಎರಡು ಮಳೆಗಾಲ ಕಳೆಯಿತು. ಸಿಮೆಂಟು ಗಟ್ಟಿಯಾಗಿಯೇ ನಿಂತಿತ್ತು. ಅದರ ಮೇಲಿನ ಗಾರೆ ಹಿಟ್ಟಾಗಿತ್ತು. ನೆಲದ ತೇವ ಇಟ್ಟಿಗೆಯೊಳಗೆ ಮೇಲೇರುತ್ತದೆ. ಸುಣ್ಣದ ಗಾರೆ ಅದನ್ನು ಹೊರಗೆ ಆರಲು ಬಿಡುತ್ತದೆ, ಸಿಮೆಂಟು ತಡೆಯುತ್ತದೆ. ತಡೆದ ನೀರು ಇನ್ನೂ ಮೇಲೇರಿ, ತಾನು ಹೊತ್ತು ತಂದ ಉಪ್ಪನ್ನು ಅಲ್ಲಿ ಬಿಟ್ಟು ಆರುತ್ತದೆ. ಆ ಉಪ್ಪು ಹರಳುಗಟ್ಟಿ ಗಾರೆಯನ್ನು ಒಡೆಯುತ್ತದೆ. ಸುಣ್ಣವೆಂದರೆ ದುರ್ಬಲವೆನ್ನುವವರು ಕನ್ನಂಬಾಡಿಯನ್ನು ನೆನೆಯಲಿ: 1911ರಲ್ಲಿ ಆರಂಭವಾದ ಆ ಅಣೆಕಟ್ಟು ಎದ್ದದ್ದು ಸುಣ್ಣ, ಸುರ್ಕಿಗಳ ಗಾರೆಯಿಂದ.

ಉಳಿ, ಸುತ್ತಿಗೆ ಹಿಡಿದು ಸಿಮೆಂಟನ್ನು ಕಿತ್ತೆ. ಧೂಳು ಗುಡಿಸಿ, ಗೋಡೆಗೆ ನೀರು ಚಿಮುಕಿಸಿದೆ. ವಾರಗಟ್ಟಲೆ ನೆನೆದ ಸುಣ್ಣ ಒಂದು ಪಾಲು, ಜರಡಿ ಹಿಡಿದ ಮರಳು ಮೂರು ಪಾಲು. ಅರ್ಧ ಅಂಗುಲ ಮೀರದಂತೆ ಒಂದು ಪದರ. ಅದು ಬಿಗಿದ ಮೇಲೆ ಇನ್ನೊಂದು. ಬೇಗ ಒಣಗಿದರೆ ಬಿರಿಯುವುದರಿಂದ ಒದ್ದೆ ಗೋಣಿತಾಟು ಇಳಿಬಿಡಬೇಕು. ಸುಣ್ಣಕ್ಕೆ ಅವಸರವೆಂಬುದಿಲ್ಲ. ಗೂಡಿನಲ್ಲಿ ಬೆಂದಾಗ ಕಳೆದುಕೊಂಡ ಇಂಗಾಲಾಮ್ಲ ವಾಯುವನ್ನು ಗಾಳಿಯಿಂದ ಮರಳಿ ಪಡೆದು, ನಿಧಾನವಾಗಿ ಮತ್ತೆ ಕಲ್ಲಾಗುತ್ತದೆ.

ಕಷ್ಟವಾದದ್ದು ಈ ಕೆಲಸವಲ್ಲ. ಕುಳಿತವರ ತಲೆಯೆತ್ತರದಲ್ಲಿ ಗೋಡೆಯ ಮೇಲೊಂದು ಕಪ್ಪು ಗುರುತಿತ್ತು. ಅಮ್ಮ ಮೂವತ್ತು ವರ್ಷ ಅಲ್ಲಿ ಒರಗಿ ಹೂ ಕಟ್ಟುತ್ತಿದ್ದರು. ಅದು ಅವರ ತಲೆಯ ಎಣ್ಣೆ. ಪ್ರತಿ ಯುಗಾದಿಗೂ ಸುಣ್ಣ ಬಳಿದರೂ ಮತ್ತೆ ಮೂಡುತ್ತಿತ್ತು. ಅಮ್ಮ ಹೋದ ಮೇಲೆ ಬಳಿಯುವುದನ್ನೇ ಬಿಟ್ಟಿದ್ದೆವು.

ಬೆರಳ ಗೆಣ್ಣಿನಿಂದ ತಟ್ಟಿ ನೋಡಿದೆ. ಟೊಳ್ಳು ಸದ್ದು.

“ರೀ, ಅದನ್ನೂ ಕೆರೀತೀರಾ?” ಎಂದಳು ಮನೆಯಾಕೆ.

“ಬಿಟ್ಟರೆ ತಾನಾಗಿಯೇ ಬೀಳುತ್ತೆ, ಸುತ್ತಲಿನದನ್ನೂ ಎಳಕೊಂಡು” ಎಂದೆ.

ಅವಳು ಒಳಗೆ ಹೋದಳು. ಆ ಒಂದು ಗೇಣು ಗಾರೆಯನ್ನು ಕೆರೆಯಲು ನನಗೆ ಒಂದು ಮಧ್ಯಾಹ್ನವೇ ಹಿಡಿಯಿತು.

ಈಗ ಗೋಡೆ ಬೆಳ್ಳಗಿದೆ, ಉಸಿರಾಡುತ್ತಿದೆ. ಮಗಳು ಅಲ್ಲೇ ಒರಗಿ ಓದುತ್ತಾಳೆ. ಅವಳು ತಲೆಗೆ ಎಣ್ಣೆ ಹಚ್ಚುವವಳಲ್ಲ; ಗೋಡೆಗೆ ಅವಳ ಗುರುತು ಬೀಳದು. ಏಳುವಾಗ ಗೋಡೆಯ ಸುಣ್ಣ ಮಾತ್ರ ಅವಳ ಬೆನ್ನಿಗೆ ಅಂಟಿರುತ್ತದೆ.