ಊರಿನ ಶಾಲೆ, ಊರವರ ಆಡಳಿತ

ಅಮೆರಿಕವೆಂದೊಡನೆ ಗಗನಚುಂಬಿ ಸೌಧಗಳನ್ನು ನೆನೆಯುವವರಿಗೆ ಮೊಂಟಾನಾ ಸಂಸ್ಥಾನದ ಗೋಧಿ ಹೊಲಗಳ ನಡುವಿನ ಶಾಲೆ ಸೋಜಿಗವೆನಿಸೀತು. ಒಂದೇ ಕೋಣೆಯ ಶಾಲೆಗಳು ಅಲ್ಲಿ ಇಂದಿಗೂ ಕೆಲವು ಉಳಿದಿವೆ.

ಇವುಗಳ ಯಜಮಾನಿಕೆ ‘ಶಾಲಾ ಜಿಲ್ಲೆ’ ಎಂಬ ಪುಟ್ಟ ಆಡಳಿತ ಘಟಕದ್ದು. ಊರವರೇ ಚುನಾಯಿಸಿದ ಕೆಲವೇ ಸದಸ್ಯರ ಮಂಡಳಿ ಅದನ್ನು ನಡೆಸುತ್ತದೆ. ಹಗಲೆಲ್ಲ ಟ್ರ್ಯಾಕ್ಟರ್ ನಡೆಸಿದ ರೈತನೇ ಸಂಜೆ ಸಭೆಯಲ್ಲಿ ಕುಳಿತು ಆಯವ್ಯಯವನ್ನು ಮಂಜೂರು ಮಾಡುವುದುಂಟು. ಕೆಲವೆಡೆ ಸೂಪರಿಂಟೆಂಡೆಂಟರೇ ಮುಖ್ಯೋಪಾಧ್ಯಾಯರು. ಅಗತ್ಯ ಬಿದ್ದರೆ ಬಸ್ಸಿನ ಸಾರಥಿಯೂ ಅವರೇ.

ಹಣ ಬರುವುದು ಹೊಲಮನೆಗಳ ತೆರಿಗೆಯಿಂದ, ಸಂಸ್ಥಾನದ ಅನುದಾನದಿಂದ. ಕೇಂದ್ರದ ಪಾಲು ಅಲ್ಪ. ಅನುದಾನವು ಬಹುಮಟ್ಟಿಗೆ ಮಕ್ಕಳ ತಲೆಯೆಣಿಕೆಯನ್ನು ಅನುಸರಿಸುವುದರಿಂದ, ಎರಡು ಸಂಸಾರಗಳು ಊರು ಬಿಟ್ಟರೆ ಲೆಕ್ಕ ಏರುಪೇರಾಗುತ್ತದೆ. ಮಕ್ಕಳು ಕಡಿಮೆಯಾದರೂ ಬಸ್ಸು ಓಡಲೇಬೇಕು, ಚಳಿಗಾಲದಲ್ಲಿ ಕೋಣೆ ಬೆಚ್ಚಗಿರಲೇಬೇಕು.

ಫಲಿತಾಂಶದ ಲೆಕ್ಕವೂ ಅಷ್ಟೇ ನಾಜೂಕು. ಹತ್ತೇ ಮಕ್ಕಳ ತರಗತಿಯಲ್ಲಿ ಒಬ್ಬ ಹುಡುಗ ಜ್ವರದಲ್ಲಿ ಪರೀಕ್ಷೆ ಬರೆದು ಹಿಂದೆ ಬಿದ್ದರೆ ತೇರ್ಗಡೆಯ ಪ್ರಮಾಣ ಶೇಕಡಾ 10ರಷ್ಟು ಕುಸಿಯುತ್ತದೆ! ಒಂದು ವರ್ಷದ ಅಂಕಿಗಳಿಂದ ಅಂಥ ಶಾಲೆಯನ್ನು ಅಳೆಯುವುದು ಒಂದೇ ಮಳೆಯಿಂದ ವರ್ಷದ ಬೆಳೆಯನ್ನು ಅಳೆದಂತೆ.

1939-40ರಲ್ಲಿ ದೇಶದಾದ್ಯಂತ 1,17,000ಕ್ಕೂ ಹೆಚ್ಚಿದ್ದ ಶಾಲಾ ಜಿಲ್ಲೆಗಳು ಒಂದರಲ್ಲೊಂದು ವಿಲೀನಗೊಳ್ಳುತ್ತ ಇಂದು ಸುಮಾರು 13,000ಕ್ಕೆ ಇಳಿದಿವೆ. ವಿಲೀನದಿಂದ ವಿಜ್ಞಾನಕ್ಕೆ ಪ್ರತ್ಯೇಕ ಉಪಾಧ್ಯಾಯರು ದೊರೆತಾರು. ಮಗುವಿನ ಬಸ್ ಪ್ರಯಾಣ ಮಾತ್ರ ಉದ್ದವಾಗುತ್ತದೆ. ಶಾಲೆ ಮುಚ್ಚಿದ ಊರಿನಲ್ಲಿ ಆಟ, ಸಂಗೀತ, ನೆರೆಹೊರೆಯ ಕೂಟ ಎಲ್ಲವೂ ಬಡವಾಗುತ್ತವೆ. ಈ ನಷ್ಟಕ್ಕೆ ಖರ್ಚಿನ ಪುಸ್ತಕದಲ್ಲಿ ಕಲಮೇ ಇಲ್ಲ. ಆದುದರಿಂದಲೇ ವಿಲೀನದ ಪ್ರಶ್ನೆ ಎದ್ದಾಗ, ಮೊಮ್ಮಕ್ಕಳೂ ಓದು ಮುಗಿಸಿ ಊರು ಬಿಟ್ಟಿರುವ ಮುದುಕರು ಸಹ ಸಭೆಗೆ ಬಂದು ಕೂರುತ್ತಾರೆ.